ಕೋವಿಯೊಳಗೆ ಸಿಕ್ಕಿದ ತೋಟೆ

“ಆ ಸಲಾಕೆ ಕೆಳಗಿಡಿ!”

ಪ್ರೇಮಕ್ಕನ ಸ್ವರಕ್ಕೆ ನೀರಮೂಲೆ ಠಾಣೆಯ ಹಿತ್ತಿಲಿನ ಹಲಸಿನ ಮರದಿಂದ ಕಾಗೆಗಳು ಎದ್ದು ಹಾರಿದವು. ಒಂದು ಕೈಯಲ್ಲಿ ಕಬ್ಬಿಣದ ಸಲಾಕೆ, ಇನ್ನೊಂದರಲ್ಲಿ ಸುತ್ತಿಗೆ ಹಿಡಿದ ಪೊಲೀಸಿನವನು ಎಸ್.ಐ. ಮನೀಶರ ಮುಖ ನೋಡಿದ.

ಮೇಜಿನ ಮೇಲೆ ಪ್ರೇಮಕ್ಕನ ರೈಫಲು ಮಲಗಿತ್ತು. ಅದರೊಳಗೆ ಗುಂಡೂ ಮದ್ದೂ ತುಂಬುವ ಒಂದು ಹಿತ್ತಾಳೆ ತೋಟೆ ಸಿಕ್ಕಿಕೊಂಡಿತ್ತು. ಕಾಡುಹಂದಿ ಬೇಟೆಯಲ್ಲಿ ಗುಂಡು ತಗಲಿ ಸತ್ತ ಮಹಾಬಲನ ಕೇಸು ಈಗ ಆ ಒಂದು ತೋಟೆಯ ಮೇಲೆ ನಿಂತಿತ್ತು.

“ನೀವು ಆರೋಪಿ. ಇಲ್ಲಿ ಆರ್ಡರ್ ಮಾಡುವುದು ನಾನು,” ಎಂದರು ಮನೀಶ್.

“ಆರ್ಡರ್ ನೀವೇ ಮಾಡಿ ಸಾರ್. ಆದರೆ ಅದರಲ್ಲಿ ಜೀವ ಇರುವ ತೋಟೆ ಉಂಟು. ನಳಿಗೆಯ ಬಾಯಿಂದ ಸಲಾಕೆ ತೂರಿಸಿ ಅದರ ಮೂತಿಗೆ ಸುತ್ತಿಗೆ ಪೆಟ್ಟು ಹಾಕಿದರೆ ಈ ಹುಡುಗನ ಅಂಗೈ ಇರ್ಲಿಕ್ಕಿಲ್ಲ. ಅವನಿಗೂ ಅಮ್ಮ ಇದ್ದಾರೆ ಅಲ್ವಾ?”

ಪೊಲೀಸಿನವನು ಸಲಾಕೆಯನ್ನು ಹಾವು ಬಿಟ್ಟ ಹಾಗೆ ಕೆಳಗಿಟ್ಟ. ನನಗೆ ನಗು ಬಂತು. ನಗಲಿಲ್ಲ. ಕೋರ್ಟಿನ ಒಪ್ಪಿಗೆ ಪಡೆದು ಪ್ರೇಮಕ್ಕನ ಪರವಾಗಿ ನೋಡಲು ಬಂದವಳು ನಾನು, ಮೊಗ್ರಾಲಿನ ಶಾಹಿನಾ. ಕಾಸರಗೋಡು ಹಳೆ ಬಸ್‌ಸ್ಟ್ಯಾಂಡಿನ ಹತ್ತಿರ ಬೇಕರಿಯ ಮಾಳಿಗೆಯಲ್ಲಿ ‘ಖಾಸಗಿ ಪತ್ತೇದಾರಿಕೆ’ ಎಂದು ಬೋರ್ಡು ಹಾಕಿ ಕುಳಿತವಳನ್ನು ನೋಡಿ ಮೊದಮೊದಲು ಊರೇ ನಕ್ಕಿತ್ತು. ನಕ್ಕವರಲ್ಲಿ ಅರ್ಧ ಜನ ಆಮೇಲೆ ಮೆಟ್ಟಿಲು ಹತ್ತಿ ಬಂದಿದ್ದಾರೆ.

“ಖಾಲಿ ತೋಟೆಗೆ ಇಷ್ಟು ಹೆದರಿಕೆ ಎಂತದ್ದಕ್ಕೆ?” ಎಂದ ಬೆಂಚಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ ವಿಷ್ಣುಪ್ರಸಾದ. ಪಂಚಾಯತಿನ ಮೆಂಬರ. ಹಂದಿ ಹೊಡೆಯಲು ಲೈಸೆನ್ಸಿನ ಕೋವಿಯವರನ್ನು ಒಟ್ಟು ಮಾಡಿದವನೂ ಅವನೇ, ಈ ಕೇಸಿನ ಮುಖ್ಯ ಸಾಕ್ಷಿಯೂ ಅವನೇ. “ನಾನು ಕಣ್ಣಾರೆ ಕಂಡಿದ್ದೇನೆ. ಇವರು ಬೋಲ್ಟಿಗೆ ಅಂಗೈಯಲ್ಲಿ ಗುದ್ದಿ ಗುದ್ದಿ ತೆಗೀತಾ ಇದ್ದರು. ಈಡು ಹಾರಿತು. ಮಹಾಬಲ ಬಿದ್ದ. ಬೇಕೂಂತ ಮಾಡಿದ್ದು ಅಂತ ನಾನು ಹೇಳುವುದಿಲ್ಲ ಮಾರಾಯ್ರೆ, ಹೆಂಗಸು, ಗಾಬರಿ ಆಗಿರಬಹುದು.”

ಈ ‘ಹೆಂಗಸು, ಗಾಬರಿ’ ಎಂಬ ಮಾತನ್ನು ಕೇಳಿದಾಗೆಲ್ಲ ನನಗೆ ಮೈಯುರಿಯುತ್ತದೆ. ಹೇಳುವವರು ಕರುಣೆಯ ಮುಖ ಹಾಕಿಕೊಂಡೇ ಹೇಳುತ್ತಾರೆ.

ಪ್ರೇಮಕ್ಕ ಅವನತ್ತ ತಿರುಗಿದರು. ಐವತ್ತೈದು ದಾಟಿದ ಜೀವ, ಹತ್ತಿ ಸೀರೆ, ತಲೆಯಲ್ಲಿ ಬಾಡಿದ ಅಬ್ಬಲಿಗೆ. ಪಂಚಾಯತಿನ ಹಂದಿ ಹೊಡೆಯುವವರ ಪಟ್ಟಿಯಲ್ಲಿದ್ದ ಒಬ್ಬಳೇ ಹೆಂಗಸು.

“ವಿಷ್ಣೂ, ನನ್ನ ಅಪ್ಪ ಕೋವಿ ಕೊಡುವ ಮೊದಲು ಒಂದು ಮಳೆಗಾಲ ಇಡೀ ಖಾಲಿ ಕೋವಿ ಹಿಡಿಸಿ ನಡೆಸಿದ್ದಾರೆ. ಕುದುರೆ ಎಳೆದೆ, ಟಿಕ್ ಅಂತ ಮಾತ್ರ ಆಯಿತು. ಈಡು ಹಾರಲಿಲ್ಲ. ನಳಿಗೆಯನ್ನು ಗುಡ್ಡದ ಮಣ್ಣಿನ ಬರೆಗೆ ತಿರುಗಿಸಿ ಕಾದು ನಿಂತೆ. ಕೆಲವು ತೋಟೆ ತಡವಾಗಿ ಹಾರ್ತದೆ. ಹಾರಲಿಲ್ಲ. ಮೆಲ್ಲ ಬೋಲ್ಟು ತೆಗೆದೆ. ಬೋಲ್ಟು ಬಂತು, ತೋಟೆ ಬರಲಿಲ್ಲ. ಹಳೆ ತೋಟೆ, ಕಿಲುಬು ಹಿಡಿದು ಕಚ್ಚಿಕೊಂಡಿತ್ತು. ಗುದ್ದಲಿಲ್ಲ. ಬೋಲ್ಟನ್ನು ಕಳಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅದಿಲ್ಲದೆ ಈಡು ಹಾರುವುದಿಲ್ಲ. ಕೋವಿಯನ್ನು ಬರೆಗೆ ಒರಗಿಸಿದೆ. ಆಮೇಲೆ ಈಡು ಕೇಳಿದ್ದು. ಆಚೆಯಿಂದ.”

“ಬೋಲ್ಟು ಸೊಂಟದಲ್ಲಿ ಇದ್ದದ್ದನ್ನು ಕಂಡವರು ಯಾರು?” ಎಂದರು ಮನೀಶ್.

“ನಾನು.”

“ಬೇರೆ ಯಾರು?”

“ಮಹಾಬಲ ಕಂಡಿದ್ದ. ಅವನು ಸತ್ತ.”

ಮನೀಶ್ ಮೇಜಿನ ಮೇಲಿದ್ದ ಹಾಳೆಯನ್ನು ಮತ್ತೊಮ್ಮೆ ಪ್ರೇಮಕ್ಕನ ಕಡೆಗೆ ಸರಿಸಿದರು. ಬೆಳಿಗ್ಗೆಯಿಂದ ಆ ಹಾಳೆ ಹೀಗೆ ಹೋಗುತ್ತ ಬರುತ್ತ ಇತ್ತು. ಸಿಕ್ಕಿದ ತೋಟೆ ತೆಗೆಯುವಾಗ ಕೈತಪ್ಪಿ ಈಡು ಹಾರಿತು ಎಂಬ ತಪ್ಪೊಪ್ಪಿಗೆ, ಮಲಯಾಳದಲ್ಲಿ.

“ಒಂದು ಸಹಿ ಹಾಕಿ. ಅಜಾಗರೂಕತೆ ಅಂತ ಆಗ್ತದೆ, ಜಾಮೀನು ಸಿಗ್ತದೆ. ಇಲ್ಲದಿದ್ದರೆ ಕೊಲೆ. ಸಂಜೆ ಕಣ್ಣೂರು ಜೈಲು. ನಿಮ್ಮ ಒಳ್ಳೆದಕ್ಕೇ ಹೇಳುವುದು ಚೇಚೀ.”

“ನನಗೆ ಓದಲಿಕ್ಕೆ ಬಾರದ್ದಕ್ಕೆ ಸಹಿ ಹಾಕುವುದಿಲ್ಲ. ಕನ್ನಡದಲ್ಲಿ ಬರೀರಿ.”

“ಕನ್ನಡದಲ್ಲಿ ಬರೆದರೆ ಹಾಕ್ತೀರಾ?”

“ಆಗಲೂ ಹಾಕುವುದಿಲ್ಲ,” ಎಂದರು ಪ್ರೇಮಕ್ಕ. “ಆದರೆ ಎಂತಕ್ಕೆ ಹಾಕುವುದಿಲ್ಲ ಅಂತ ಓದಿ ಹೇಳ್ತೇನೆ.”

ಈ ಸಲ ನಾನು ನಕ್ಕೇಬಿಟ್ಟೆ. ಮನೀಶ್ ನನ್ನತ್ತ ಕೆಕ್ಕರಿಸಿ ನೋಡಿದರು.

“ನಿಮಗೆ ತಮಾಷೆ. ಪೊಲೀಸರ ಮೇಲೆ, ಮೆಂಬರರ ಮೇಲೆ, ಯಾರ ಮೇಲೆ ಬೇಕಾದರೂ ಬೆರಳು ತೋರಿಸಿ ಹೋಗಬಹುದು.”

“ಹೌದು ಸಾರ್. ಕಂಡದ್ದನ್ನು ಕಂಡ ಹಾಗೆ ಹೇಳುವುದೇ ನನ್ನ ಕೆಲಸ. ಪ್ರೇಮಕ್ಕನಿಗೂ ಮೊದಲ ದಿನವೇ ಅದನ್ನೇ ಹೇಳಿದ್ದೇನೆ. ಯಾರಿಗೆ ನೋವಾದರೂ ಕಂಡದ್ದನ್ನೇ ಹೇಳಬೇಕು. ನನ್ನ ಸ್ವಂತದವರಾದರೂ ಅಷ್ಟೇ.”

ಎಷ್ಟು ಸುಲಭವಾಗಿ ಹೇಳಿದೆ! ನಾಲಿಗೆಗೆ ಎಲುಬಿಲ್ಲ ನೋಡಿ.

ಅಷ್ಟರಲ್ಲಿ ಜಿಲ್ಲಾ ಪೊಲೀಸ್ ಪಡೆಯ ಕೋವಿ ರಿಪೇರಿಯ ವಾಸಪ್ಪ ತನ್ನ ಚೀಲ ಬಿಚ್ಚಿ ಮುಗಿಸಿದ್ದ. ಗಂಟುಮುಖದ, ಗಟ್ಟಿ ಗಂಟಲಿನ ಆಸಾಮಿ. ಯಾರ ಮಾತಿಗೂ ಕಾಯದೆ ರೈಫಲನ್ನು ತಿರುಗಿಸಿ, ನಳಿಗೆಯ ಬಾಯಿ ಮರಳಿನ ಮೂಟೆಗಳ ಕಡೆ ಬರುವಂತೆ ಮೇಜಿಗೆ ಬಿಗಿದ.

“ಒಳಗೆ ಖಾಲಿ ಉಂಟಾ, ಜೀವ ಉಂಟಾ ಅಂತ ಹೊರಗೆ ತೆಗೆಯುವವರೆಗೆ ಗೊತ್ತಾಗುವುದಿಲ್ಲ. ಅಲ್ಲಿವರೆಗೆ ಜೀವ ಉಂಟು ಅಂತಲೇ ಲೆಕ್ಕ. ಮುಂದೆ ನಿಲ್ಲಬೇಡಿ. ಹಿಂದೆಯೂ ನಿಲ್ಲಬೇಡಿ. ಬೋಲ್ಟು ಇಲ್ಲದ ಕೋವಿಯಲ್ಲಿ ತೋಟೆ ಸಿಡಿದರೆ ಅದರ ಹಿತ್ತಾಳೆ ಹಿಂದಕ್ಕೇ ಹಾರುವುದು. ಎಲ್ಲರೂ ಬದಿಗೆ.”

ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ ವಿಷ್ಣುಪ್ರಸಾದ ಬೆಂಚನ್ನೇ ಎತ್ತಿಕೊಂಡು ಬದಿಗೆ ಹೋದ. ಖಾಲಿ ತೋಟೆ ಎಂದವನು ಇವನೇ.

ವಾಸಪ್ಪ ತೋಟೆಯ ಸುತ್ತ ಎಣ್ಣೆ ಬಿಟ್ಟ. ಅದು ಇಳಿಯಲು ಸಮಯ ಬೇಕು. ಅವಸರ ಮಾಡಿದರೆ ನಾನು ಹೊರಟೆ ಎಂದ. ಮನೀಶ್ ಚಡಪಡಿಸಿ ಚಹಾ ತರಿಸಲು ಹೇಳಿದರು.

ಚಹಾ ತಂದವನು ನಮ್ಮ ಇಚ್ಚ. ನನ್ನ ಅಣ್ಣ ಫಸಲ್. ಉಪ್ಪ, ನಮ್ಮ ಅಪ್ಪ, ಕಡಲಿಗೆ ಹೋಗಿ ಮರಳದ ವರ್ಷ ಗಲ್ಫಿನ ವೀಸಾ ಬಿಟ್ಟು ಮನೆಯಲ್ಲಿ ನಿಂತವನು. ‘ಹೆಣ್ಣುಮಗಳಿಗೆ ಎಂತ ಕೋವಿ?’ ಎಂದ ನೆಂಟರ ಬಾಯಿ ಮುಚ್ಚಿಸಿ ನನ್ನನ್ನು ಎನ್‌ಸಿಸಿಯ ರೈಫಲ್ ತರಬೇತಿಗೆ ಕಳಿಸಿದವನು. ಈಗ ಪಿಕಪ್ ಓಡಿಸುತ್ತಾನೆ. ಈ ಕೇಸು ಹಿಡಿದಂದಿನಿಂದ ಬಾಡಿಗೆ ಬಿಟ್ಟು ನನ್ನನ್ನು ನೀರಮೂಲೆಗೆ ಕರೆತರುವವನೂ ಅವನೇ. ಬಸ್ಸಿಗೆ ಹೋಗುತ್ತೇನೆ ಎಂದರೆ ಕೇಳುವುದಿಲ್ಲ.

“ಓ ಫಸಲ್!” ಎಂದರು ಮನೀಶ್, ಸ್ವಲ್ಪ ಸಡಿಲಾಗಿ. “ಹಳೆ ಠಾಣೆಯಿಂದ ಇಲ್ಲಿಗೆ ನಮ್ಮ ಸಾಮಾನೆಲ್ಲ ಹೊತ್ತವ ನೀನು. ಈಗ ಚಹಾ ಹೊರ್ತಾ ಇದ್ದೀಯಾ?”

“ಹೊರುವುದೇ ನಮ್ಮ ಕೆಲಸ ಅಲ್ವಾ ಸಾರ್,” ಎಂದು ಇಚ್ಚ ನಕ್ಕ. ಮೇಜಿನ ಮೇಲಿನ ರೈಫಲನ್ನು ನೋಡಿದ. ನನ್ನತ್ತ ತಿರುಗಿ, “ತಡ ಆಗ್ತದಾ?” ಎಂದು ಮೆಲ್ಲಗೆ ಕೇಳಿದ.

“ಆಗ್ತದೆ. ನೀನು ಹೋಗು, ನಾನು ಬಸ್ಸಿಗೆ ಬರ್ತೇನೆ.”

“ಬೇಡ. ಇರ್ತೇನೆ.”

ಅವನು ಗೇಟಿನಾಚೆ ಹೋಗಿ ಪಿಕಪ್ಪಿನ ಟಾರ್ಪಾಲಿನ ಹಗ್ಗ ಬಿಚ್ಚಿ ಪುನಃ ಕಟ್ಟತೊಡಗಿದ. ಕೈಗೆ ಕೆಲಸವಿಲ್ಲದಿದ್ದರೆ ಅವನ ಅಭ್ಯಾಸ ಅದು. ಎರಡು ಸುತ್ತು, ಬಾಲವನ್ನು ಅಡಿಯಿಂದ ತಂದು ಒಂದು ಕಿವಿ ಬಿಟ್ಟು ಬಿಗಿತ. ಉಪ್ಪ ಎಡಗೈಯವರು. ದೋಣಿ ಕಟ್ಟುವ ಗಂಟನ್ನು ಊರಿನವರೆಲ್ಲ ಬಲಕ್ಕೆ ಸುತ್ತಿದರೆ ಉಪ್ಪ ಎಡಕ್ಕೆ ಸುತ್ತುತ್ತಿದ್ದರು. ನಮಗಿಬ್ಬರಿಗೂ ಹಾಗೆಯೇ ಬಂದಿದೆ. ಬೇರೆ ಯಾರೂ ಹಾಗೆ ಕಟ್ಟಿದ್ದನ್ನು ನಾನು ಕಂಡಿಲ್ಲ. ಆ ಗಂಟನ್ನು ನೋಡಿದಾಗ ಪ್ರತಿ ಸಲವೂ ಉಪ್ಪನ ನೆನಪಾಗಿ ಮನಸ್ಸು ತುಂಬಿ ಬರುತ್ತದೆ.

ಎಣ್ಣೆ ಇಳಿದಿತ್ತು. ವಾಸಪ್ಪ ಬೋಲ್ಟು ಹಾಕಿ ಒಮ್ಮೆ ಮೆತ್ತಗೆ ಎಳೆದು ನೋಡಿದ. ತೋಟೆ ಅಲುಗಲಿಲ್ಲ. ಬೋಲ್ಟನ್ನು ಕಳಚಿ ಬದಿಗಿಟ್ಟ. ಆಮೇಲೆ ತೆಳುವಾದ ಮರದ ಕೋಲೊಂದನ್ನು ತೆಗೆದು, ಪಕ್ಕದಲ್ಲಿ ನಿಂತುಕೊಂಡೇ ನಳಿಗೆಯ ಬಾಯಿಯೊಳಗೆ ಮೆಲ್ಲಗೆ ಬಿಟ್ಟ.

“ಇದು ದೂಡಲಿಕ್ಕೆ ಅಲ್ಲ, ಅಳೆಯಲಿಕ್ಕೆ. ಜೀವದ ತೋಟೆ ಆದರೆ ಕೋಲು ಗುಂಡಿನ ಮೂತಿಗೆ ತಾಗಿ ಮೊದಲೇ ನಿಲ್ತದೆ. ಖಾಲಿ ಆದರೆ ಬುಡದವರೆಗೆ ಹೋಗ್ತದೆ.”

ಕೋಲು ಮೊದಲೇ ನಿಂತರೆ ಪ್ರೇಮಕ್ಕ ಈಗಲೇ ಮನೆಗೆ. ಜೀವದ ತೋಟೆ ಒಳಗಿರುವ ಕೋವಿಯಿಂದ ಇನ್ನೊಂದು ಗುಂಡು ಹೊರಗೆ ಹೋಗುವುದಿಲ್ಲ.

ಕೋಲು ಇಳಿಯಿತು. ಇನ್ನೂ ಇಳಿಯಿತು. ಬುಡದವರೆಗೆ ಹೋಗಿ ಟಕ್ ಎಂದಿತು.

ವಾಸಪ್ಪ ಬಾಯಿಯ ಹತ್ತಿರ ಸೀಮೆಸುಣ್ಣದ ಗುರುತು ಹಾಕಿ, ಕೋಲನ್ನು ಹೊರಗೆ ತೆಗೆದು ನಳಿಗೆಯ ಮೇಲಿಟ್ಟು ಎರಡು ಸಲ ನೋಡಿದ.

“ಖಾಲಿ,” ಎಂದ.

ವಿಷ್ಣುಪ್ರಸಾದ ಬೆಂಚನ್ನು ಪುನಃ ಮುಂದಕ್ಕೆ ತಂದ. ಮನೀಶ್ ಹಾಳೆಯನ್ನು ಇನ್ನೊಮ್ಮೆ ಸರಿಸಿದರು.

ಸುಳ್ಳು ಹೇಳುವುದಿಲ್ಲ, ಆ ಗಳಿಗೆ ನನಗೂ ಅನುಮಾನ ಬಂತು. ಪ್ರೇಮಕ್ಕನ ಮುಖ ಬಿಳುಚಿತ್ತು. ಆದರೆ ಹಾಳೆಯ ಕಡೆ ನೋಡಲಿಲ್ಲ, ನನ್ನನ್ನೇ ನೋಡಿದರು.

“ನಾನು ಹಾಕಿದ್ದು ಜೀವದ ತೋಟೆ ಮಗಾ. ಟಿಕ್ ಅಂದದ್ದನ್ನು ಕೇಳಿದ್ದು ನನ್ನ ಕಿವಿ. ನನಗೆ ನಷ್ಟ ಆಗ್ತದೆ ಅಂತ ನಾನು ಮಾತು ಬದಲಾಯಿಸುವುದಿಲ್ಲ.”

ಇಷ್ಟು ಹೊತ್ತು ಆಕೆ ಜಗಳಕ್ಕೆ ಗಟ್ಟಿ ಎಂದುಕೊಂಡಿದ್ದೆ. ಈಗ ಅವರ ಮುಂದೆ ನಿಂತು ನನಗೆ ನಾಚಿಕೆಯಾಯಿತು. ಅನುಮಾನವನ್ನು ನುಂಗಿ ವಾಸಪ್ಪನಿಗೆ ಹೇಳಿದೆ: “ಖಾಲಿ ಅಂತ ಗೊತ್ತಾಯಿತಲ್ಲ, ಈಗ ತೆಗೀರಿ. ತೆಗೆದ ಮೇಲೆ ಯಾರೂ ಅದನ್ನು ಒರೆಸಬೇಡಿ.”

ಈಗ ಹಿತ್ತಾಳೆಯ ಸಲಾಕೆಗೆ ಮರದ ಕೊಡತಿಯಿಂದ ಮೆಲ್ಲ ಮೆಲ್ಲ ಪೆಟ್ಟು. ಸುಲಭವಾಗಿ ಬರಲಿಲ್ಲ. ಕೊನೆಗೆ ತೋಟೆ ಹಿಂದಿನಿಂದ ಜಾರಿ ಬಟ್ಟೆಯ ಮೇಲೆ ಬಿತ್ತು.

ಬಗ್ಗಿ ನೋಡಿದೆ. ತೋಟೆಯ ಬುಡದಲ್ಲಿ ಒಡ್ಡೊಡ್ಡಾದ ಗಾಯಗಳು. ಗಾಯದ ಸಂದಿನಲ್ಲಿ ಕೆಂಪು ಪುಡಿ.

“ಇದೆಂತ ವಾಸಪ್ಪಣ್ಣ?”

ಅವನು ಉಗುರಿನ ತುದಿಗೆ ತೆಗೆದು ತಿಕ್ಕಿದ. “ಮುರಕಲ್ಲಿನ ಪುಡಿ. ಗುಡ್ಡದ ಕೆಂಪು ಕಲ್ಲು.”

“ಬೋಲ್ಟಿನ ಪೆಟ್ಟು ಬೀಳುವ ಜಾಗದಲ್ಲಿ ಮುರಕಲ್ಲು ಎಂತದ್ದಕ್ಕೆ ಬಂತು?” ಎಂದೆ. “ಸಾರ್, ಪ್ರೇಮಕ್ಕನ ಮನೆಯಿಂದ ತಂದ ಹಳೆ ಖಾಲಿ ತೋಟೆಗಳು ಇದ್ದಾವಲ್ಲ, ಒಂದು ಕೊಡಿ.”

ನಮ್ಮ ಕಡೆ ಹಂದಿ ಹೊಡೆಯುವವರು ಖಾಲಿ ತೋಟೆ ಬಿಸಾಡುವುದಿಲ್ಲ. ಹೊಸತು ಬೇಕಾದರೆ ಹಳತನ್ನು ತೋರಿಸಬೇಕು. ಮನೀಶ್ ಒಲ್ಲದ ಮನಸ್ಸಿನಿಂದ ಪೊಟ್ಟಣ ಬಿಚ್ಚಿದರು. ವಾಸಪ್ಪ ರೈಫಲಿನ ಒಳಗೆ ಒರೆಸಿ, ಪ್ರೇಮಕ್ಕನ ಹಳೆಯ ಖಾಲಿ ತೋಟೆಯನ್ನು ಹಿಂದಿನಿಂದ ಇಟ್ಟ. ಒಂದೇ ಬೆರಳಿಗೆ ಅದು ಒಳಗೆ ಹೋಗಿ ಕುಳಿತಿತು.

“ಈಗ ಇದು,” ಎಂದೆ.

ಸಿಕ್ಕಿಕೊಂಡಿದ್ದ ತೋಟೆಯನ್ನು ಇಟ್ಟ. ಮುಕ್ಕಾಲು ಹೋಗಿ ನಿಂತಿತು. ಬೆರಳು ಒತ್ತಿದ. ಹೋಗಲಿಲ್ಲ. ತೆಗೆದು ತಿರುಗಿಸಿ ಪುನಃ ಇಟ್ಟ. ಹೋಗಲಿಲ್ಲ. ಗಂಟುಮುಖದ ವಾಸಪ್ಪ ಮೊದಲ ಸಲ ಹುಬ್ಬೇರಿಸಿದ.

“ಈಡು ಹಾರುವಾಗ ಹಿತ್ತಾಳೆ ಹಿಗ್ಗಿ ಆ ಕೋವಿಯ ಅಳತೆಗೇ ನಿಲ್ತದೆ. ಹೊಡೆದ ಕೋವಿಗೆ ಪುನಃ ಸಲೀಸಾಗಿ ಹೋಗ್ತದೆ. ಇದು ಈ ಕೋವಿಯದ್ದಲ್ಲ ಸಾರ್. ಇಂಥದ್ದೇ ಬೇರೆ ರೈಫಲಿನದ್ದು. ಕಲ್ಲಿನಲ್ಲಿ ಜಜ್ಜಿ ಒಳಗೆ ಕೂರಿಸಿದ್ದಾರೆ.”

“ಮಹಾಬಲ ಬಿದ್ದಾಗ ಪ್ರೇಮಕ್ಕ ಕೋವಿ ಬಿಟ್ಟು ಅವನ ಹತ್ತಿರ ಓಡಿದರು,” ಎಂದೆ. “ಎಲ್ಲರೂ ಓಡಿದರು, ಒಬ್ಬನನ್ನು ಬಿಟ್ಟು. ಆ ಒಬ್ಬ ಇವರ ಜೀವದ ತೋಟೆಯನ್ನು ಚೂರಿಯಲ್ಲಿ ಮೀಟಿ ತೆಗೆದಿದ್ದಾನೆ. ನೋಡಿ, ತೋಟೆ ಕೂರುವ ಜಾಗದ ಅಂಚಿನಲ್ಲಿ ಹೊಸ ಗೀರು ಉಂಟು. ಮಹಾಬಲನನ್ನು ಕೊಂದ ಈಡಿನ ಖಾಲಿ ತೋಟೆಯನ್ನು ಇದರಲ್ಲಿ ತುಂಬಿದ್ದಾನೆ. ವಿಷ್ಣುಪ್ರಸಾದರೇ, ಪ್ರೇಮಕ್ಕ ಬೋಲ್ಟಿಗೆ ಗುದ್ದಿದ್ದನ್ನು ಕಣ್ಣಾರೆ ಕಂಡಿರಿ ಅಲ್ವಾ?”

“ನಾನು... ದೂರದಿಂದ ಕಂಡದ್ದು,” ಎಂದ. “ನನ್ನದು ಜೋಡುನಳಿಗೆ, ಸಣ್ಣ ಗುಂಡಿನ ಛರ್ರೆಯ ಕೋವಿ. ರೈಫಲ್ ನನ್ನಲ್ಲಿ ಇಲ್ಲ.”

ಅವನಲ್ಲಿ ರೈಫಲು ಉಂಟಾ ಎಂದು ನಾನು ಕೇಳಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

“ಇಂಥ ರೈಫಲು ಈ ಸುತ್ತಿನಲ್ಲಿ ಬೇರೆ ಯಾರಲ್ಲಿ ಉಂಟು ಪ್ರೇಮಕ್ಕ?”

ಪ್ರೇಮಕ್ಕ ಮೇಜಿನ ಮೇಲಿನ ರೈಫಲಿನತ್ತ ನೋಡಿದರು. ಆಮೇಲೆ ಮೆಲ್ಲಗೆ, “ಅಪ್ಪ ಎರಡು ತಂದಿದ್ದರು. ಒಂದು ನನಗೆ, ಒಂದು ಐತ್ತಪ್ಪಣ್ಣನಿಗೆ. ಅಣ್ಣ ತೀರಿದ ಮೇಲೆ ಲೈಸೆನ್ಸ್ ಇಲ್ಲದ ಕೋವಿ ಮನೆಯಲ್ಲಿ ಇಡಬಾರದು ಅಂತ ನಾನೇ ಹೊತ್ತು ತಂದು ಒಪ್ಪಿಸಿದೆ,” ಎಂದರು.

“ಎಲ್ಲಿಗೆ?”

“ಇದೇ ಠಾಣೆಗೆ. ಹಳೆ ಕಟ್ಟಡದಲ್ಲಿ ಇರುವಾಗ.”

ಮನೀಶರ ಕೈ ತನ್ನಷ್ಟಕ್ಕೆ ಸೊಂಟದ ಕೀಲಿಗೊಂಚಲಿಗೆ ಹೋಯಿತು.

“ಅದು ಮಾಲ್‌ಖಾನೆಯಲ್ಲಿ ಭದ್ರ ಉಂಟು. ಠಾಣೆ ಬದಲಾಯಿಸಿದಾಗ ನಾನೇ ನಿಂತು ಎಲ್ಲ ಕೋವಿ ಎಣಿಸಿದ್ದೇನೆ.”

“ಕೋವಿ ಎಣಿಸಿದಿರಾ, ಕೋವಿಯ ಚೀಲ ಎಣಿಸಿದಿರಾ?”

ಅವರು ಬಾಗಿಲು ತೆರೆಯುವುದಿಲ್ಲ ಎಂದು ಹಟ ಹಿಡಿಯಬಹುದಿತ್ತು. ಹಿಡಿಯಲಿಲ್ಲ, ಅಷ್ಟರ ಮಟ್ಟಿಗೆ ಮನುಷ್ಯ ಒಳ್ಳೆಯವರು. ಬಿರಬಿರನೆ ನಡೆದು, ಒಪ್ಪಿಸಿದ ಸಾಮಾನು ಇಡುವ ಆ ಕೋಣೆಯ ಬೀಗ ತೆಗೆದರು. ನಾವೆಲ್ಲ ಹಿಂದೆ ಹೋದೆವು. ಗೋಡೆಗೆ ಒರಗಿಸಿಟ್ಟ ಬಟ್ಟೆಯ ಚೀಲಗಳು, ಒಂದೊಂದಕ್ಕೂ ಚೀಟಿ. ಐತ್ತಪ್ಪಣ್ಣನ ಹಳೆ ನೀಲಿ ಲುಂಗಿಯಿಂದ ಹೊಲಿದ ಚೀಲವನ್ನು ಪ್ರೇಮಕ್ಕ ದೂರದಿಂದಲೇ ಗುರುತಿಸಿದರು.

“ಇದೋ, ಉಂಟಲ್ಲ!” ಎಂದು ಮನೀಶ್ ಉಸಿರು ಬಿಟ್ಟರು.

ಪ್ರೇಮಕ್ಕ ಚೀಲದ ಮೇಲೆ ಕೈಯಾಡಿಸಿದರು. ಕೈ ಅಲ್ಲೇ ನಿಂತಿತು.

“ಇದು ಕೋವಿ ಅಲ್ಲ.”

ಮನೀಶ್ ಚೂರಿಯಿಂದ ಬಟ್ಟೆಯನ್ನು ಉದ್ದಕ್ಕೆ ಸೀಳಿದರು. ಒಳಗಿದ್ದದ್ದು ನೀರಿನ ಪೈಪಿನ ತುಂಡು. ಕೋವಿಯ ಉದ್ದಕ್ಕೆ ಸರಿಯಾಗಿ ಕತ್ತರಿಸಿದ ಕಬ್ಬಿಣದ ಪೈಪು. ಬೇಲಿಯೇ ಎದ್ದು ಹೊಲ ಮೇಯ್ದದ್ದೋ, ಬೇಲಿಗೆ ತಿಳಿಯದೆ ಯಾರೋ ನುಗ್ಗಿದ್ದೋ! ರೈಫಲು ಹೊರಗಿತ್ತು. ಈಗಲೂ ಹೊರಗೇ ಇತ್ತು.

“ಚೇಚೀ,” ಎಂದರು ಮನೀಶ್. ಸ್ವರ ಇಳಿದಿತ್ತು. “ಚೀಲದ ಬಾಯಿ ಕಟ್ಟಿದ್ದು ನೀವಾ?”

“ಕಟ್ಟಿದ್ದು ನಾನೇ. ಆದರೆ ಈ ಗಂಟು ನನ್ನದಲ್ಲ ಸಾರ್. ನಾನು ಅಕ್ಕಿಮುಡಿಗೆ ಹಾಕುವ ಗಂಟು ಹಾಕಿದ್ದೆ. ಇದು ಬೇರೆ ಯಾರೋ ಬಿಚ್ಚಿ ಕಟ್ಟಿದ್ದು. ಇಂಥ ಗಂಟು ನಾನು ಕಂಡೇ ಇಲ್ಲ.”

ಹುರಿಹಗ್ಗದ ತುದಿಯನ್ನು ಪ್ರೇಮಕ್ಕ ನನ್ನ ಕಣ್ಣಿನ ಮುಂದೆ ಹಿಡಿದರು.

ಎರಡು ಸುತ್ತು. ಬಾಲ ಅಡಿಯಿಂದ ಬಂದು ಒಂದು ಕಿವಿ. ಸುತ್ತು ಎಡಕ್ಕೆ.

ಗೋಡೆಗೆ ಕೈ ಕೊಟ್ಟೆ. ಈ ಠಾಣೆಯ ಸಾಮಾನೆಲ್ಲ ಹೊತ್ತ ಪಿಕಪ್ಪು, ಬಸ್ಸಿಗೆ ಹೋಗಲು ಬಿಡದ ಹಟ, ‘ತಡ ಆಗ್ತದಾ’ ಎಂದು ಕೇಳಿದ ಸ್ವರ, ಎಲ್ಲ ಒಟ್ಟಿಗೆ ಬಂದು ಎದೆಯ ಮೇಲೆ ಕುಳಿತವು. ಎಂತಕ್ಕೆ ಇಚ್ಚ? ಯಾರಿಗಾಗಿ? ಮಹಾಬಲನನ್ನು ನೀನು... ಇಲ್ಲ. ಗಂಟು ಕಟ್ಟಿದವನೇ ಗುಂಡು ಹೊಡೆದನೆಂದು ಯಾರು ಹೇಳಿದರು? ಹಾಗಾದರೆ ಕಟ್ಟಿಸಿದವರು ಯಾರು?

ಬಾಗಿಲಲ್ಲಿ ವಿಷ್ಣುಪ್ರಸಾದ ನಿಂತಿದ್ದ. ಹಗ್ಗವನ್ನಲ್ಲ, ನನ್ನ ಮುಖವನ್ನು ನೋಡುತ್ತಿದ್ದ. ಅವನ ತುಟಿಯಲ್ಲಿ ಸಣ್ಣ ನಗು ಇತ್ತು. ಅದು ಯಾರ ಗಂಟು ಎಂದು ಅವನಿಗೆ ಗೊತ್ತಿತ್ತು.

‘ಹೇಳು ನೋಡುವ,’ ಎಂದಿತು ಆ ನಗು.

“ಶಾಹಿನಾ,” ಎಂದರು ಮನೀಶ್, “ನೀವು ಕಡಲ ಬದಿಯವರು. ಈ ಗಂಟು ಯಾರದ್ದು ಅಂತ ಗೊತ್ತುಂಟಾ?”

ಗೊತ್ತಿಲ್ಲ ಎಂದರೆ ಮುಗಿಯಿತು. ಒಂದು ಮಾತು. ಇಚ್ಚ ನನ್ನನ್ನು ಮನೆಗೆ ಕರೆದೊಯ್ಯುತ್ತಾನೆ, ಉಮ್ಮ ಬಾಗಿಲು ತೆರೆಯುತ್ತಾರೆ. ಪ್ರೇಮಕ್ಕ ಕಣ್ಣೂರಿನ ವ್ಯಾನು ಹತ್ತುತ್ತಾರೆ.

ಪ್ರೇಮಕ್ಕ ಹಗ್ಗ ಹಿಡಿದ ಕೈಯನ್ನು ಇಳಿಸಲಿಲ್ಲ.

ಗೇಟಿನಾಚೆ ಪಿಕಪ್ಪು ಎರಡು ಸಲ ಹಾರ್ನು ಹಾಕಿತು.

ನಾನು ವಿಷ್ಣುಪ್ರಸಾದನ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ.

“ಗೊತ್ತುಂಟು,” ಎಂದೆ.